ಮುಯ್ಯಿ ಪಟ್ಟಿಯೂ ಕತೆಯಾಗುವ ಬಗೆ

ಹನಿಗತೆ ಎಂದರೆ ಸಣ್ಣಕತೆಯನ್ನು ಇನ್ನಷ್ಟು ಕುಗ್ಗಿಸಿದ್ದು ಎಂಬ ತಿಳಿವಳಿಕೆ ಸಾಮಾನ್ಯವಾಗಿದೆ. ಅಳತೆಯ ಮಟ್ಟಿಗೆ ಅದು ತಪ್ಪಲ್ಲ. ಇಂಗ್ಲಿಷಿನಲ್ಲಿ ‘ಫ್ಲ್ಯಾಶ್ ಫಿಕ್ಷನ್’ ಎಂಬ ಹೆಸರು ನೆಲೆನಿಂತದ್ದು 1992ರಲ್ಲಿ ಅಮೆರಿಕದಿಂದ ಅದೇ ಹೆಸರಿನಲ್ಲಿ ಹೊರಬಂದ 72 ಕತೆಗಳ ಸಂಕಲನದಿಂದ. ಜೇಮ್ಸ್ ಥಾಮಸ್, ಡೆನೀಸ್ ಥಾಮಸ್ ಮತ್ತು ಟಾಮ್ ಹಜೂಕಾ ಸಂಪಾದಿಸಿದ ಆ ಪುಸ್ತಕದಲ್ಲಿ ಕತೆಯೊಂದು ಸುಮಾರು 750 ಪದಗಳನ್ನು ದಾಟುವಂತಿರಲಿಲ್ಲ. 1996ರಲ್ಲಿ ಜೆರೋಮ್ ಸ್ಟರ್ನ್ ತಂದ ‘ಮೈಕ್ರೋ ಫಿಕ್ಷನ್’ ಸಂಕಲನ ಹುಟ್ಟಿದ್ದು 250 ಪದಗಳ ಮಿತಿಯ ಒಂದು ಸ್ಪರ್ಧೆಯಿಂದ. ಕನ್ನಡದಲ್ಲಿ ಹನಿಗತೆ, ಕಿರುಗತೆ, ನ್ಯಾನೋ ಕತೆ ಎಂದು ಹೆಸರುಗಳು ಹಲವಿವೆ. ಪದಗಳ ಲೆಕ್ಕಕ್ಕೆ ಎಲ್ಲರೂ ಒಪ್ಪಿದ ಕಟ್ಟಳೆ ಇಲ್ಲ. ಇಂಗ್ಲಿಷಿನಲ್ಲಿ ನಾಲ್ಕೈದು ಪದ ಬೇಡುವ ಮಾತನ್ನು ಕನ್ನಡದ ಒಂದೇ ಕ್ರಿಯಾಪದ ಪ್ರತ್ಯಯಗಳನ್ನು ಹೊತ್ತು ಹೇಳಿಬಿಡುವುದರಿಂದ ಅಲ್ಲಿನ ಲೆಕ್ಕ ಇಲ್ಲಿಗೆ ಹೊಂದುವುದೂ ಇಲ್ಲ. ಪತ್ರಿಕೆಯ ಒಂದು ಪುಟ ಮೀರದಿದ್ದರೆ ಸಾಕು.

ಅಳತೆ ಚಿಕ್ಕದಾದ ಮಾತ್ರಕ್ಕೆ ಕತೆಯ ಕೆಲಸ ಹಗುರವಾಗುವುದಿಲ್ಲ. ಹತ್ತು ಪುಟದ ಕತೆಯಲ್ಲಿ ಊರಿನ ಚಿತ್ರಕ್ಕೆ, ಮನೆತನದ ಹಿನ್ನೆಲೆಗೆ, ಪಾತ್ರದ ಸ್ವಭಾವ ನಿಧಾನವಾಗಿ ಬಿಚ್ಚಿಕೊಳ್ಳುವುದಕ್ಕೆ ಅವಕಾಶವಿರುತ್ತದೆ. ಇನ್ನೂರು ಪದದಲ್ಲಿ ಇದಾವುದಕ್ಕೂ ಜಾಗವಿಲ್ಲ. ಪ್ರಯೋಗಶೀಲ ಹನಿಗತೆಯಲ್ಲಿ ಆ ಹೊರೆಯನ್ನು ಹೊರುವುದು ಕತೆಯ ರೂಪ. ಕತೆ ಪಟ್ಟಿಯಾಗಿದೆಯೇ, ಪ್ರಶ್ನೆಪತ್ರಿಕೆಯಾಗಿದೆಯೇ, ಒಂದೇ ಉದ್ದ ವಾಕ್ಯವಾಗಿದೆಯೇ, ಯಾರು ಯಾರಿಗೆ ಹೇಳುತ್ತಿದ್ದಾರೆ, ಯಾವ ಮಾತನ್ನು ಬಿಟ್ಟಿದ್ದಾರೆ ಎಂಬುದರಿಂದಲೇ ಓದುಗರಿಗೆ ಹಿನ್ನೆಲೆಯೂ ಸ್ವಭಾವವೂ ತಿಳಿದುಬಿಡುತ್ತವೆ. ಬರೆಯಲು ಕಲಿಯುವವರು ಮೊದಲು ಮನಗಾಣಬೇಕಾದದ್ದು ಇದನ್ನೇ. ರೂಪದ ಆಟವನ್ನು ಕಿತ್ತುಹಾಕಿದ ಮೇಲೂ ಕತೆ ಇದ್ದ ಹಾಗೆಯೇ ಉಳಿಯುವುದಾದರೆ ಆ ಆಟ ಅಲ್ಲಿಗೆ ಬೇಕಿರಲಿಲ್ಲ.

ಹನಿಗತೆಯ ಮಾತು ಬಂದಾಗಲೆಲ್ಲ ಅರ್ನೆಸ್ಟ್ ಹೆಮಿಂಗ್ವೇ ಬರೆದರೆನ್ನಲಾದ ಆರು ಪದಗಳ ಕತೆ ಉದಾಹರಣೆಯಾಗಿ ಬರುತ್ತದೆ. ಮಗುವಿನ ಬಳಸದ ಬೂಟುಗಳನ್ನು ಮಾರುವ ಜಾಹೀರಾತು ಅದು. ಅದನ್ನು ಹೆಮಿಂಗ್ವೇ ಬರೆದರು ಎನ್ನಲು ಆಧಾರವಿಲ್ಲ. ಅದೇ ಬಗೆಯ ಜಾಹೀರಾತುಗಳ ಪ್ರಸ್ತಾಪ ಅಮೆರಿಕದ ಪತ್ರಿಕೆಗಳಲ್ಲಿ 20ನೇ ಶತಮಾನದ ಆರಂಭದ ದಶಕಗಳಲ್ಲೇ ಬಂದಿತ್ತು. ಹೆಮಿಂಗ್ವೇ ಹೆಸರು ಅದಕ್ಕೆ ಅಂಟಿಕೊಂಡು ಪ್ರಚಾರವಾದದ್ದು 1961ರಲ್ಲಿ ಅವರು ತೀರಿಕೊಂಡು ಎಷ್ಟೋ ವರ್ಷಗಳಾದ ಬಳಿಕ. ಯಾರೇ ಬರೆದಿರಲಿ, ಕಲಿಯುವವರಿಗೆ ಅದು ಅಷ್ಟು ಒಳ್ಳೆಯ ಮಾದರಿಯಲ್ಲ. ಅರ್ಥವಾದ ಕ್ಷಣಕ್ಕೆ ಅದು ಮುಗಿದುಹೋಗುತ್ತದೆ, ಎರಡನೆಯ ಓದಿಗೆ ಏನೂ ಉಳಿಯುವುದಿಲ್ಲ. ಮೊಬೈಲಿನಲ್ಲಿ ಹರಿದಾಡುವ ನ್ಯಾನೋ ಕತೆಗಳಲ್ಲಿ ಬಹುಪಾಲು ಈ ಜಾಡಿನವೇ: ಇಷ್ಟು ಹೊತ್ತು ಮಾತಾಡುತ್ತಿದ್ದವನು ಸತ್ತವನಾಗಿರುತ್ತಾನೆ, ಕಾಯುತ್ತಿದ್ದ ಪ್ರೇಯಸಿ ಕೊನೆಯ ಸಾಲಿನಲ್ಲಿ ಬೆಕ್ಕಾಗಿರುತ್ತಾಳೆ. ತಿರುವು ಒಂದು ಉಪಾಯ ಮಾತ್ರ. ಅದೇ ಕತೆಯ ಸರ್ವಸ್ವವಾದರೆ ಹನಿಗತೆಗೂ ನಗೆಹನಿಗೂ ವ್ಯತ್ಯಾಸವಿರುವುದಿಲ್ಲ. ಗ್ವಾಟೆಮಾಲದ ಲೇಖಕ ಆಗಸ್ಟೊ ಮೊಂಟೆರೊಸೊ 1959ರಲ್ಲಿ ಪ್ರಕಟಿಸಿದ, ಸ್ಪ್ಯಾನಿಷ್‌ನಲ್ಲಿ ಬರೀ ಏಳು ಪದಗಳ ‘ಡೈನೋಸಾರ್’ ಕತೆಯನ್ನು ಇದರ ಪಕ್ಕದಲ್ಲಿಟ್ಟು ನೋಡಬಹುದು. ಒಂದು ಎಚ್ಚರ, ಒಂದು ಪ್ರಾಣಿ, ಅಷ್ಟೇ ಅದರ ಸರಕು. ಎಚ್ಚರಗೊಂಡವರು ಯಾರು, ಅದಕ್ಕೆ ಮೊದಲು ಏನಾಗಿತ್ತು, ಕನಸು ಯಾರದ್ದು ಎಂದು ಓದುಗರು ಇಂದಿಗೂ ಜಗಳವಾಡುತ್ತಾರೆ.

ಎರವಲು ತಂದ ರೂಪ

ಪ್ರಯೋಗವನ್ನು ಕಲಿಯಲು ಎಲ್ಲಕ್ಕಿಂತ ಸುಲಭದ ಬಾಗಿಲು ಎಂದರೆ ಕತೆಗೆ ಸಂಬಂಧವೇ ಇಲ್ಲದ ಬರಹವೊಂದರ ರೂಪವನ್ನು ಎರವಲು ತರುವುದು. ಅಮೆರಿಕದ ಬ್ರೆಂಡಾ ಮಿಲ್ಲರ್ ಮತ್ತು ಸುಝಾನ್ ಪಾವೊಲಾ ಪ್ರಬಂಧ ಬರವಣಿಗೆಯನ್ನು ಕಲಿಸುವ ತಮ್ಮ ಪುಸ್ತಕದಲ್ಲಿ ಈ ಬಗೆಗೆ ಸನ್ಯಾಸಿ ಏಡಿಯ ಹೆಸರಿಟ್ಟರು. ಕರಾವಳಿಯ ಮರಳಿನಲ್ಲಿ ಆಡಿದ ಮಕ್ಕಳಿಗೆ ಆ ಏಡಿಯ ಪರಿಚಯವಿರುತ್ತದೆ: ಮೈಯ ಹಿಂಭಾಗ ಮೆತ್ತಗಿರುವುದರಿಂದ ಬೇರೆ ಜೀವಿ ಬಿಟ್ಟುಹೋದ ಚಿಪ್ಪಿನೊಳಗೆ ಸೇರಿಕೊಂಡು ಅದನ್ನೇ ಹೊತ್ತು ಓಡಾಡುತ್ತದೆ. ಹೇಳಲು ನೋವಾಗುವ, ನೇರ ಹೇಳಿದರೆ ಅಳುಬುರುಕಾಗುವ ವಸ್ತುವಿಗೂ ಇಂಥದೊಂದು ಗಟ್ಟಿ ಚಿಪ್ಪು ಬೇಕಾಗುತ್ತದೆ.

ದೊಡ್ಡ ಲೇಖಕರು ಈ ದಾರಿಯಲ್ಲಿ ಬಹಳ ಹಿಂದೆಯೇ ನಡೆದಿದ್ದಾರೆ. ಅರ್ಜೆಂಟೀನಾದ ಹೋರ್ಹೆ ಲೂಯಿಸ್ ಬೋರ್ಹೆಸ್ 1946ರಲ್ಲಿ ಒಂದೇ ಪ್ಯಾರಾದ ಕತೆಯೊಂದನ್ನು 17ನೇ ಶತಮಾನದ ಪ್ರವಾಸಗ್ರಂಥದಿಂದ ಎತ್ತಿಕೊಂಡ ಉದ್ಧರಣೆ ಎಂಬಂತೆ ಬರೆದರು. ಸಾಮ್ರಾಜ್ಯದಷ್ಟೇ ದೊಡ್ಡದಾದ ನಕ್ಷೆ ತಯಾರಿಸಿದ ಜನರ ಕತೆ ಅದು. ಗ್ರಂಥ ಮಾತ್ರ ಎಲ್ಲೂ ಇಲ್ಲ. ಅದೇ ದೇಶದ ಹೂಲಿಯೊ ಕೊರ್ತಸಾರ್ 1962ರ ಪುಸ್ತಕವೊಂದರಲ್ಲಿ ಮೆಟ್ಟಿಲು ಹತ್ತುವುದು ಹೇಗೆ, ಅಳುವುದು ಹೇಗೆ ಎಂದು ಯಂತ್ರದ ಜೊತೆ ಬರುವ ಸೂಚನಾಪತ್ರದ ಗತ್ತಿನಲ್ಲಿ ವಿವರಿಸಿದರು. ಕನ್ನಡದಲ್ಲಿ ಬರೆಯುವವರ ಸುತ್ತ ಇಂಥ ರೂಪಗಳಿಗೆ ಬರವಿಲ್ಲ. ಲಗ್ನಪತ್ರಿಕೆ, ಪಹಣಿ, ಪೊಲೀಸರ ಪಂಚನಾಮೆ, ಬಾಡಿಗೆ ಕರಾರು, ಹಾಲಿನ ಲೆಕ್ಕ ಗುರುತು ಹಾಕಿದ ಗೋಡೆ ಕ್ಯಾಲೆಂಡರ್, ಗ್ರಾಮಸಭೆಯ ನಡಾವಳಿ, ‘ಕಾಣೆಯಾಗಿದ್ದಾರೆ’ ಎಂಬ ಪ್ರಕಟಣೆ ಇವೆಲ್ಲ ಕತೆಗಾಗಿ ಕಾದು ಕೂತಿರುವ ರೂಪಗಳೇ.

ಒಂದು ಉದಾಹರಣೆಯನ್ನು ಕಟ್ಟಿ ನೋಡಬಹುದು. ಇಪ್ಪತ್ತು ವರ್ಷದ ಹಿಂದೆ ಮನೆ ಬಿಟ್ಟುಹೋದವನೊಬ್ಬ ಮಗಳ ಮದುವೆಗೆ ಗುಟ್ಟಾಗಿ ಬಂದು ಹೋದ ಎಂಬ ವಸ್ತು ಇದೆ ಎಂದಿಟ್ಟುಕೊಳ್ಳೋಣ. ಇದನ್ನು ರೂಢಿಯ ಹಾದಿಯಲ್ಲಿ ಬರೆದರೆ ಮೂಲೆಯಲ್ಲಿ ನಿಂತ ನರೆತ ಗಡ್ಡದ ಮನುಷ್ಯ, ತುಂಬಿದ ಕಣ್ಣು, ದೂರದಿಂದಲೇ ಹಾಕಿದ ಅಕ್ಷತೆ ಎಲ್ಲವೂ ಕರೆಯದೆ ಬಂದುಬಿಡುತ್ತವೆ. ಸಿನಿಮಾದಲ್ಲಿ ನೂರು ಸಲ ನೋಡಿದ ದೃಶ್ಯ. ಅದನ್ನು ಕೈಬಿಟ್ಟು, ಮದುವೆ ಚಪ್ಪರದ ಬಾಗಿಲಲ್ಲಿ ಮೇಜು ಹಾಕಿಕೊಂಡು ಮುಯ್ಯಿ ಬರೆಯುವವರ ನೋಟ್‌ಬುಕ್ಕಿನ ಒಂದು ಪುಟವನ್ನಷ್ಟೇ ಕೊಟ್ಟರೆ ಹೀಗಾಗಬಹುದು:

ಕೆಳಗಿನಮನೆ ಸಿದ್ದಮ್ಮ – 101 ರೂ., ತೆಂಗಿನಕಾಯಿ ಎರಡು
ಹೈಸ್ಕೂಲ್ ಮೇಷ್ಟ್ರು – ಗೋಡೆ ಗಡಿಯಾರ ಒಂದು
ಹುಡುಗಿಯ ಸೋದರಮಾವ – 5,001 ರೂ., ಬೆಳ್ಳಿ ಕಾಲುಂಗುರ
ಹೆಸರು ಹೇಳಲಿಲ್ಲ – 25,000 ರೂ.
ಡೇರಿ ಕಾರ್ಯದರ್ಶಿ – 501 ರೂ.
ಹುಡುಗಿಯ ತಾಯಿ ಬಂದು ನಾಲ್ಕನೇ ಸಾಲು ಹೊಡೆದುಹಾಕಲು ಹೇಳಿದರು. ಹೊಡೆದಿದೆ.
ಒಟ್ಟು – 30,603 ರೂ.

ಇಲ್ಲಿ ಅಪ್ಪ ಎಂಬ ಮಾತೇ ಇಲ್ಲ. ಮುಯ್ಯಿ ಎಂದರೆ ಮರಳಿಸಬೇಕಾದ ಹಣ, ಅದಕ್ಕಾಗಿಯೇ ಹೆಸರು ಬರೆಸುವುದು ಎಂಬ ಊರಿನ ರೂಢಿ ಕತೆಯ ಅರ್ಧ ಭಾರವನ್ನು ಹೊತ್ತಿದೆ. ಹೆಸರಿಲ್ಲದ ಹಣವನ್ನು ಯಾರಿಗೆ ಮರಳಿಸುವುದು? ಬರೆಯುವವರಿಗೆ ತಿಳಿದಿರುವುದು ಕಣ್ಣಿಗೆ ಬಿದ್ದದ್ದು ಮಾತ್ರ, ಆದ್ದರಿಂದ ಕತೆ ಭಾವುಕವಾಗಲು ದಾರಿಯೇ ಇಲ್ಲ. ಇಡೀ ಪುಟದಲ್ಲಿ ಲೆಕ್ಕವಲ್ಲದ ಸಾಲು ಒಂದೇ. ಪಟ್ಟಿ ತನ್ನ ಕಟ್ಟಳೆ ಮುರಿದದ್ದು ಆ ಒಂದು ಕಡೆ, ಕತೆ ನಡೆದದ್ದೂ ಅಲ್ಲೇ. ಕೊನೆಯ ಮೊತ್ತವನ್ನು ಕೂಡಿ ನೋಡಿದವರಿಗೆ ಮಾತ್ರ ಇನ್ನೊಂದು ಸಂಗತಿ ಸಿಗುತ್ತದೆ: ಸಾಲನ್ನು ಹೊಡೆದರೂ ಹಣ ಲೆಕ್ಕದಲ್ಲಿ ಉಳಿದಿದೆ. ಆ ತಾಯಿಯ ಇಪ್ಪತ್ತು ವರ್ಷದ ಸಿಟ್ಟು, ಮನೆಯ ಇಕ್ಕಟ್ಟು ಎರಡೂ ಆ ಅಂಕಿಯಲ್ಲಿವೆ.

ಬಂದವರು ಹುಡುಗಿಯ ತಂದೆಯೇ ಎಂದು ಈ ಪುಟವನ್ನಷ್ಟೇ ಓದಿದವರು ಖಚಿತವಾಗಿ ಹೇಳಲಾರರು. ತಾಯಿಯನ್ನು ಹಿಂದೊಮ್ಮೆ ಬಯಸಿದವರಿರಬಹುದು, ಹಳೆಯ ಅನ್ಯಾಯದ ಋಣ ತೀರಿಸಲು ಬಂದವರೂ ಇರಬಹುದು. ಎರಡು ಮೂರು ಸಾಧ್ಯತೆಗಳು ತೆರೆದಿರುವುದು ಕತೆಗೆ ಒಳ್ಳೆಯದು. ಇಪ್ಪತ್ತು ಸಾಧ್ಯತೆಗಳು ತೆರೆದಿದ್ದರೆ ಬರೆದವರಿಗೇ ಏನು ಹೇಳಬೇಕೆಂದು ತಿಳಿದಿಲ್ಲ ಎಂದಾಗುತ್ತದೆ. ಎರವಲು ರೂಪದಲ್ಲಿ ಬರೆಯುವಾಗ ಇನ್ನೂ ಒಂದು ಎಚ್ಚರ ಬೇಕು. ರೂಪದ ವಿವರಗಳು ಕರಾರುವಾಕ್ಕಾಗಿರಬೇಕು. ಪಂಚನಾಮೆಯ ರೂಪದ ಕತೆ ಬರೆಯುವವರು ನಿಜವಾದ ಪಂಚನಾಮೆಯನ್ನು ಒಮ್ಮೆಯಾದರೂ ಓದಿರಬೇಕು. ‘ಸದರಿ’, ‘ಮೇಲ್ಕಂಡ’, ‘ಸಮಕ್ಷಮ’ ಎಂಬ ಮಾತುಗಳು ಎಲ್ಲಿ ಬೀಳುತ್ತವೆ ಎಂದು ಕಿವಿಗೆ ಗೊತ್ತಿರಬೇಕು. ಚಿಪ್ಪು ಅಸಲಿಯಾಗಿ ಕಾಣದಿದ್ದರೆ ಅದು ಬಿರಿದದ್ದು ಓದುಗರ ಗಮನಕ್ಕೆ ಬರುವುದಿಲ್ಲ.

ಯಾರ ದನಿ, ಯಾವ ಪ್ರತ್ಯಯ

ಎರಡನೆಯ ದಾರಿ ದನಿಯದು. ಆಂಟಿಗುವಾ ದ್ವೀಪದಲ್ಲಿ ಹುಟ್ಟಿದ ಜಮೈಕಾ ಕಿಂಕೇಡ್ 1978ರಲ್ಲಿ ‘ನ್ಯೂಯಾರ್ಕರ್’ ಪತ್ರಿಕೆಯಲ್ಲಿ ಪ್ರಕಟಿಸಿದ ‘ಗರ್ಲ್’ ಇದಕ್ಕೆ ಹೆಸರುವಾಸಿ ಮಾದರಿ. ಬಟ್ಟೆ ಒಗೆಯುವುದು, ಅಡುಗೆ, ನಡಿಗೆ, ನಗು, ಗಂಡಸರೊಡನೆ ನಡೆದುಕೊಳ್ಳುವ ಬಗೆ ಎಂದು ತಾಯಿ ಮಗಳಿಗೆ ಹೇಳುತ್ತಲೇ ಹೋಗುವ ಅಪ್ಪಣೆಗಳು ಅರ್ಧವಿರಾಮಗಳಿಂದ ಹೆಣೆದು ಒಂದೇ ವಾಕ್ಯವಾಗಿವೆ. ಮಗಳು ನಡುವೆ ಬಾಯಿ ಹಾಕುವುದು ಎರಡೇ ಸಲ. ತಾಯಿಗೆ ಉಸಿರು ತೆಗೆದುಕೊಳ್ಳಲೂ ಬಿಡುವಿಲ್ಲದ ಆ ವಾಕ್ಯದ ಉದ್ದವೇ ಮಗಳ ಮೇಲಿನ ಹೊರೆಯನ್ನು ತೋರಿಸುತ್ತದೆ. ಅದನ್ನು ಬಿಡಿ ವಾಕ್ಯಗಳಾಗಿ ಒಡೆದು ಬರೆದರೆ ಸೊಸೆಗೆ ಹೇಳುವ ಬುದ್ಧಿಮಾತಿನ ಪಟ್ಟಿಯಷ್ಟೇ ಉಳಿದೀತು.

ದನಿಯ ಆಟಕ್ಕೆ ಕನ್ನಡದ ವ್ಯಾಕರಣ ಕೊಡುವ ಅನುಕೂಲಗಳನ್ನು ಇಲ್ಲಿನ ಹನಿಗತೆಗಾರರು ಇನ್ನೂ ಪೂರ್ತಿ ಬಳಸಿಕೊಂಡಿಲ್ಲ ಎನ್ನಬೇಕು. ‘ಬಂದ’ ಎಂದರೆ ಗಂಡು, ಒಬ್ಬನೇ, ಹೇಳುವವರಿಗೆ ಸಲಿಗೆಯವನು ಅಥವಾ ಅವರ ಲೆಕ್ಕಕ್ಕೆ ಚಿಕ್ಕವನು ಎಂದು ಒಂದೇ ಉಸಿರಿಗೆ ತಿಳಿಯುತ್ತದೆ. ‘ಬಂದರು’ ಎಂದರೆ ಗಂಡೋ ಹೆಣ್ಣೋ, ಒಬ್ಬರೋ ಹತ್ತು ಮಂದಿಯೋ ಗೊತ್ತಾಗದು. ಕತೆಯ ಮೊದಲಿನಿಂದ ‘ನೀವು’ ಎನ್ನುತ್ತಿದ್ದ ಪಾತ್ರ ನಡುವಿನ ಒಂದು ಸಾಲಿನಲ್ಲಿ ‘ನೀನು’ ಎಂದುಬಿಟ್ಟರೆ ಇಬ್ಬರ ನಡುವಿನ ಸಂಬಂಧ ಬದಲಾದದ್ದನ್ನು ಬೇರೆ ಹೇಳಬೇಕಾಗಿಲ್ಲ. ವಿವರಣೆಗೆ ಎರಡು ಪ್ಯಾರಾ ಬೇಕಾಗುವ ಕಡೆ ಒಂದು ಪ್ರತ್ಯಯ ಸಾಕಾಗುತ್ತದೆ.

ಇದಕ್ಕಿಂತಲೂ ಹರಿತವಾದ ಉಪಕರಣ ‘ಅಂತೆ’. ಕಣ್ಣಾರೆ ಕಂಡದ್ದಲ್ಲ, ಬೇರೆಯವರ ಬಾಯಿಂದ ಕೇಳಿದ್ದು ಎಂದು ತಿಳಿಸಲು ಕನ್ನಡಿಗರು ದಿನವೂ ಬಳಸುವ ಮಾತಿದು. ಕಲಿಯುವವರಿಗೆ ಹೇಳಿಮಾಡಿಸಿದ ಅಭ್ಯಾಸವೊಂದು ಇದರಿಂದ ಹುಟ್ಟುತ್ತದೆ. ಊರಿನಲ್ಲಿ ನಡೆದ ಒಂದು ಘಟನೆಯನ್ನು, ಬಾವಿಗೆ ಬಿದ್ದವಳದ್ದೋ ಬೆಂಕಿ ಬಿದ್ದ ಬಣವೆಯದ್ದೋ, ಪ್ರತಿ ವಾಕ್ಯವೂ ‘ಅಂತೆ’ಯಲ್ಲಿ ಮುಗಿಯುವಂತೆ ಬರೆಯಬೇಕು: ರಾತ್ರಿ ಜಗಳ ಆಗಿತ್ತಂತೆ, ನಾಯಿ ಬೊಗಳಲೇ ಇಲ್ಲವಂತೆ, ಬೆಳಗಿನ ಜಾವ ಯಾರೋ ಓಡಿದರಂತೆ. ಎಲ್ಲೋ ಒಂದು ವಾಕ್ಯದಲ್ಲಿ ಮಾತ್ರ ‘ಅಂತೆ’ಯನ್ನು ಬಿಡಬೇಕು. ಆ ಒಂದನ್ನು ಹೇಳುವವರು ತಾವೇ ನೋಡಿದ್ದಾರೆ ಎಂದಾಯಿತು. ಹಾಗಾದರೆ ಆ ಹೊತ್ತಿನಲ್ಲಿ ಅವರು ಅಲ್ಲಿ ಏನು ಮಾಡುತ್ತಿದ್ದರು ಎಂಬ ಪ್ರಶ್ನೆ ಏಳುತ್ತದೆ. ಚಾಡಿಯಂತೆ ಶುರುವಾದ ಕತೆ ತಪ್ಪೊಪ್ಪಿಗೆಯಾಗಿ ಹೊರಳುವುದು ಹೀಗೆ. ಬಿಟ್ಟ ‘ಅಂತೆ’ ಕೊನೆಯ ವಾಕ್ಯದಲ್ಲಿದ್ದರೆ ಅದೂ ತಿರುವಾಗಿಬಿಡುತ್ತದೆ. ನಡುವೆ ಎಲ್ಲೋ, ಗಮನಿಸದೆ ದಾಟಿಹೋಗಬಹುದಾದ ಜಾಗದಲ್ಲಿ ಇಡುವುದು ಮೇಲು.

ಕಟ್ಟಳೆ ಹಾಕಿಕೊಂಡು ಬರೆಯುವುದು

ಇಂಥ ಅಕ್ಷರವನ್ನು ಬಳಸಕೂಡದು, ಇಷ್ಟೇ ವಾಕ್ಯ ಇರಬೇಕು ಎಂದು ಮೊದಲೇ ಕಟ್ಟಳೆ ವಿಧಿಸಿಕೊಂಡು ಬರೆಯುವ ಪದ್ಧತಿಗೆ ಪ್ಯಾರಿಸ್‌ನಲ್ಲಿ 1960ರಲ್ಲಿ ರೇಮೋ ಕೆನೊ ಮತ್ತು ಫ್ರಾನ್ಸ್ವಾ ಲ ಲಿಯೊನೆ ಕಟ್ಟಿದ ‘ಊಲಿಪೊ’ ಕೂಟ ಹೆಸರಾಗಿದೆ. ಭಾರತದಲ್ಲಿ ಇದಕ್ಕೆ ಹೆಚ್ಚು ಹಳೆಯ ಉದಾಹರಣೆಯಿದೆ. ಸಂಸ್ಕೃತದ ದಂಡಿ, ಕನ್ನಡದ ‘ಕವಿರಾಜಮಾರ್ಗ’ಕ್ಕೆ ಆಧಾರವಾದ ‘ಕಾವ್ಯಾದರ್ಶ’ವನ್ನು ಬರೆದವನು, ತನ್ನ ‘ದಶಕುಮಾರಚರಿತ’ದಲ್ಲಿ ಮಂತ್ರಗುಪ್ತನೆಂಬ ಕುಮಾರನಿಂದ ಒಂದು ಇಡೀ ಅಧ್ಯಾಯವನ್ನು ತುಟಿ ಸೇರಿಸಿ ಉಚ್ಚರಿಸಬೇಕಾದ ಪ, ಫ, ಬ, ಭ, ಮ ಅಕ್ಷರಗಳಿಲ್ಲದೆ ಹೇಳಿಸುತ್ತಾನೆ. ಪಾಂಡಿತ್ಯದ ಪ್ರದರ್ಶನ ಎಂದು ಇದನ್ನು ತಳ್ಳಿಹಾಕುವ ಹಾಗಿಲ್ಲ. ಪ್ರೇಯಸಿಯ ದಂತಕ್ಷತದಿಂದ ಮಂತ್ರಗುಪ್ತನ ತುಟಿ ನೊಂದಿದೆ, ತುಟಿ ಕೂಡಿಸಲಾರ! ಕಟ್ಟಳೆಗೆ ಕತೆಯೊಳಗೇ ಕಾರಣವಿದೆ.

ಊಲಿಪೊ ಕೂಟದ ಜಾರ್ಜ್ ಪೆರೆಕ್ 1969ರಲ್ಲಿ ಫ್ರೆಂಚಿನಲ್ಲಿ ಅತಿ ಹೆಚ್ಚು ಬಳಕೆಯಾಗುವ ‘ಇ’ ಅಕ್ಷರವೇ ಇಲ್ಲದ ಕಾದಂಬರಿ ಪ್ರಕಟಿಸಿದರು. ಆ ಅಕ್ಷರವಿಲ್ಲದೆ ಫ್ರೆಂಚಿನಲ್ಲಿ ತಂದೆ, ತಾಯಿ ಎಂಬ ಮಾತುಗಳನ್ನು ಬರೆಯಲಾಗದು. ಪೆರೆಕ್‌ರ ತಂದೆ ಎರಡನೇ ಮಹಾಯುದ್ಧದಲ್ಲಿ ಸತ್ತರು, ತಾಯಿಯನ್ನು ನಾತ್ಸಿಗಳು ಔಶ್ವಿತ್ಸ್‌ಗೆ ಸಾಗಿಸಿದರು. ಇದನ್ನು ತಿಳಿದು ಓದಿದಾಗ ಕಾಣೆಯಾದ ಅಕ್ಷರ ಬೇರೆಯೇ ಆಗಿ ಕಾಣುತ್ತದೆ. ಕನ್ನಡದಲ್ಲಿ ದಂಡಿಯ ಕಟ್ಟಳೆಯನ್ನೇ ತೆಗೆದುಕೊಂಡು ಒಂದು ಪುಟ ಬರೆದು ನೋಡಬಹುದು. ಪ, ಬ, ಮ ಹೋದರೆ ಅಪ್ಪ, ಅಮ್ಮ, ಮನೆ, ಮಗು, ಹಬ್ಬ, ಊರಿಗೆ ಕರೆಯುವ ‘ಬಾ’ ಎಲ್ಲವೂ ಒಟ್ಟಿಗೆ ಹೋಗುತ್ತವೆ. ಬಾಲ್ಯದಲ್ಲೇ ಎಲ್ಲವನ್ನೂ ಕಳೆದುಕೊಂಡವರ ಕತೆಗೆ ಈ ಕಟ್ಟಳೆ ಹೊಂದುತ್ತದೆ. ಹಾಸ್ಟೆಲಿನ ಹುಡುಗ ರಜೆಯ ದಿನ ಎಲ್ಲಿಗೆ ಹೋಗುವುದೆಂದು ಹೇಳಲಾಗದೆ ತಡವರಿಸುವ ಕತೆಗೂ ಹೊಂದುತ್ತದೆ. ಸುಮ್ಮನೆ ಜಾಣ್ಮೆ ತೋರಿಸಲು ಬಳಸಿದರೆ ಪದಬಂಧದಷ್ಟೇ ಬೆಲೆ.

ಕೆನೊ 1947ರಲ್ಲಿ ಪ್ರಕಟಿಸಿದ ‘ಶೈಲಿಯ ಅಭ್ಯಾಸಗಳು’ ಕಲಿಯುವವರಿಗೆ ಪಠ್ಯದ ಹಾಗಿದೆ. ನಡುಹಗಲಿನ ಕಿಕ್ಕಿರಿದ ಬಸ್ಸಿನಲ್ಲಿ ಉದ್ದ ಕತ್ತಿನ, ವಿಚಿತ್ರ ಟೊಪ್ಪಿಗೆಯ ಯುವಕನೊಬ್ಬ ಪಕ್ಕದವನು ಕಾಲು ತುಳಿದನೆಂದು ತಗಾದೆ ತೆಗೆಯುತ್ತಾನೆ, ಖಾಲಿಯಾದ ಸೀಟಿಗೆ ನುಗ್ಗುತ್ತಾನೆ. ಎರಡು ಗಂಟೆಯ ಬಳಿಕ ರೈಲು ನಿಲ್ದಾಣದ ಮುಂದೆ ಗೆಳೆಯನೊಬ್ಬ ಅವನ ಕೋಟಿನ ಗುಂಡಿಯ ಬಗ್ಗೆ ಸಲಹೆ ಕೊಡುತ್ತಿರುತ್ತಾನೆ. ಇಷ್ಟೇ ಘಟನೆ. ಅದನ್ನೇ ಕೆನೊ ಸರ್ಕಾರಿ ಪತ್ರ, ಕನಸು, ಪೊಲೀಸ್ ವಿಚಾರಣೆ, ಪದ್ಯ ಎಂದೆಲ್ಲ 99 ಬಗೆಗಳಲ್ಲಿ ಹೇಳಿದರು. ಘಟನೆ ಇಷ್ಟು ಸಪ್ಪೆಯಾಗಿರುವುದು ಬೇಕೆಂದೇ. ಘಟನೆ ರೋಚಕವಾಗಿದ್ದರೆ ಓದುಗರ ಕಣ್ಣು ಅದರ ಹಿಂದೆ ಹೋಗಿ, ರೂಪ ಮಾಡುವ ಕೆಲಸ ಕಾಣುತ್ತಿರಲಿಲ್ಲ. ಹೊಸಬರು ಇಂಥದೇ ಒಂದು ಕ್ಷುಲ್ಲಕ ಘಟನೆಯನ್ನು, ಚಿಲ್ಲರೆಗಾಗಿ ಕಂಡಕ್ಟರ್ ಜೊತೆ ನಡೆದ ವಾಗ್ವಾದವನ್ನಾದರೂ ಸರಿ, ಆರೇಳು ರೂಪಗಳಲ್ಲಿ ಬರೆದರೆ ಯಾವ ರೂಪದಲ್ಲಿ ಏನು ಹೇಳಲು ಬರುತ್ತದೆ, ಏನು ಹೇಳಲು ಬರುವುದಿಲ್ಲ ಎಂಬ ಅಂದಾಜು ಕೈಗೆ ಹತ್ತುತ್ತದೆ.

ಕತೆ ಹೇಳುವ ಕ್ರಮದೊಡನೆಯೇ ಆಟವಾಡುವುದು ಕನ್ನಡದ ಜನಪದಕ್ಕೂ ಹೊಸದಲ್ಲ. ಕಣಜಕ್ಕೆ ಗುಬ್ಬಿಯೊಂದು ಬಂದು ಒಂದು ಕಾಳು ಒಯ್ಯುವುದು, ಮತ್ತೊಂದು ಗುಬ್ಬಿ ಬಂದು ಇನ್ನೊಂದು ಕಾಳು ಒಯ್ಯುವುದು ಎಂದು ಕೇಳುವ ಮಕ್ಕಳು ಬೇಸತ್ತು ಮಲಗುವ ತನಕ ಅಜ್ಜಿಯರು ಹೇಳುವ ಮುಗಿಯದ ಕತೆ ಇದೆಯಲ್ಲ! ಕತೆಯೇ ಕತೆಯೊಳಗಿನ ಪಾತ್ರವಾಗುವುದೂ ಉಂಟು: ಎ.ಕೆ. ರಾಮಾನುಜನ್ ಸಂಗ್ರಹಿಸಿದ ಕನ್ನಡ ಜನಪದ ಕತೆಯೊಂದರಲ್ಲಿ ಹೆಂಗಸೊಬ್ಬಳು ತನಗೆ ಗೊತ್ತಿದ್ದ ಕತೆಯನ್ನೂ ಹಾಡನ್ನೂ ಯಾರಿಗೂ ಹೇಳದೆ ಇಟ್ಟುಕೊಂಡದ್ದಕ್ಕೆ ಅವೇ ಸಿಟ್ಟಿಗೆದ್ದು ಗಂಡಸಿನ ಅಂಗಿಯೂ ಚಪ್ಪಲಿಯೂ ಆಗಿ ಅವಳ ಗಂಡನಿಗೆ ಸಂಶಯ ಹುಟ್ಟಿಸುತ್ತವೆ.

ಪತ್ರಿಕೆಯ ಸುದ್ದಿ, ಕತೆಯ ಶೀರ್ಷಿಕೆ

ವಾಕ್ಯದೊಳಗೆ ಸಂಗತಿಗಳನ್ನು ಇಡುವ ಕ್ರಮವನ್ನು ಕಲಿಯಲು ಫೆಲಿಕ್ಸ್ ಫೆನೆಯೋಂಗಿಂತ ಒಳ್ಳೆಯ ಗುರು ಸಿಗಲಾರರು. ಕಲಾವಿಮರ್ಶಕರಾಗಿದ್ದ ಅವರು 1906ರಲ್ಲಿ ಪ್ಯಾರಿಸ್‌ನ ‘ಲ ಮತ್ಯಾಂ’ ದಿನಪತ್ರಿಕೆಗೆ ಹೆಸರಿಲ್ಲದೆ ಸಾವಿರಕ್ಕೂ ಹೆಚ್ಚು ಮೂರು ಸಾಲಿನ ಸುದ್ದಿಗಳನ್ನು ಬರೆದರು. ಕಳ್ಳತನ, ಆತ್ಮಹತ್ಯೆ, ಮುಷ್ಕರ, ರೈಲಿಗೆ ಸಿಕ್ಕವರು ಎಂದು ಎಲ್ಲವೂ ನಡೆದ ಸಂಗತಿಗಳೇ. ಮುಖ್ಯವಾದದ್ದನ್ನು ವಾಕ್ಯದ ಕೊನೆಯ ತನಕ ಹಿಡಿದಿಟ್ಟು, ಸಂಬಂಧವಿಲ್ಲದ ಪುಟ್ಟ ವಿವರವೊಂದನ್ನು ಮುಂದಕ್ಕೆ ತಂದು ಸಾಧಾರಣ ಸುದ್ದಿಯನ್ನು ಅವರು ಕತೆಯಾಗಿಸಿದರು. ಕ್ರಿಯಾಪದ ಕೊನೆಗೇ ಬರುವ ಕನ್ನಡದಲ್ಲಿ ಈ ತಡೆಹಿಡಿಯುವಿಕೆ ಭಾಷೆಯಲ್ಲೇ ಇದೆ. ಜಿಲ್ಲಾ ಪುಟದ ಅಪಘಾತ ಸುದ್ದಿಯೊಂದನ್ನು, ಜನರ ಹೆಸರೂ ಊರೂ ಬದಲಿಸಿ, ಒಂದೇ ವಾಕ್ಯಕ್ಕೆ ಇಳಿಸುವುದು ಒಳ್ಳೆಯ ಕಸರತ್ತು. ಸತ್ತವರ ಮನೆಯವರು ಓದಬಹುದೆಂಬ ಅಳುಕು ಬರೆಯುವವರಿಗೆ ಇರಬೇಕು.

ರಷ್ಯಾದ ಡೇನಿಯಲ್ ಖಾರ್ಮ್ಸ್ 1930ರ ದಶಕದಲ್ಲಿ ಬರೆದ ಪುಟ್ಟ ಕತೆಗಳದು ಬೇರೆಯೇ ದಾರಿ. ಕಿಟಕಿಯಿಂದ ಮುದುಕಿಯರು ಒಬ್ಬರ ಹಿಂದೊಬ್ಬರು ಬೀಳುತ್ತಿದ್ದರೆ ನೋಡಿ ನೋಡಿ ಬೇಸರವಾದ ನಿರೂಪಕ ಸಂತೆಯತ್ತ ಹೊರಟುಬಿಡುತ್ತಾನೆ. ಇನ್ನೊಂದು ಕತೆಯಲ್ಲಿ ಖಾರ್ಮ್ಸ್ ಕೆಂಪುಗೂದಲಿನ ಒಬ್ಬನನ್ನು ಪರಿಚಯಿಸಿ, ಅವನಿಗೆ ಕೂದಲಿರಲಿಲ್ಲ, ಕಣ್ಣಿರಲಿಲ್ಲ ಎನ್ನುತ್ತ ಒಂದೊಂದೇ ಅಂಗ ತೆಗೆದುಹಾಕಿ, ಇಲ್ಲದವನ ಬಗ್ಗೆ ಮಾತೇಕೆ ಎಂದು ಕತೆಯನ್ನೇ ಕೈಬಿಡುತ್ತಾರೆ. ನಗು ಬರುತ್ತದೆ, ಆಮೇಲೆ ಸ್ಟಾಲಿನ್ ಕಾಲದಲ್ಲಿ ಜನ ಹೀಗೆಯೇ ಕಾಣೆಯಾಗುತ್ತಿದ್ದರು ಎಂಬುದು ನೆನಪಾಗುತ್ತದೆ. ಖಾರ್ಮ್ಸ್ 1941ರಲ್ಲಿ ಬಂಧಿತರಾಗಿ, ಮುತ್ತಿಗೆಗೆ ಸಿಕ್ಕ ಲೆನಿನ್‌ಗ್ರಾಡ್‌ನಲ್ಲಿ ಮರುವರ್ಷ ತೀರಿಕೊಂಡರು. ದೊಡ್ಡವರಿಗಾಗಿ ಬರೆದ ಅವರ ಕತೆಗಳು ಉಳಿದದ್ದು ಗೆಳೆಯ ಯಾಕೊವ್ ದ್ರುಸ್ಕಿನ್ ಹಸ್ತಪ್ರತಿಗಳನ್ನು ಪೆಟ್ಟಿಗೆಯಲ್ಲಿ ತುಂಬಿ ಕಾಪಾಡಿದ್ದರಿಂದ.

ದೇಶ ವಿಭಜನೆಯ ಕೊಲೆಗಳ ಬಗ್ಗೆ ಸಾದತ್ ಹಸನ್ ಮಂಟೊ 1948ರಲ್ಲಿ ತಂದ ‘ಸಿಯಾಹ್ ಹಾಶಿಯೆ’ಯಲ್ಲಿ 32 ತುಣುಕುಗಳಿವೆ, ಕೆಲವು ಎರಡು ಮೂರು ಸಾಲಿನವು. ಅವುಗಳಲ್ಲಿ ಶೀರ್ಷಿಕೆ ಮಾಡುವ ಕೆಲಸವನ್ನು ಬಿಡಿಯಾಗಿ ಗಮನಿಸಬೇಕು. ಆಳು ತಪ್ಪಿ ನಡೆದ ಕೊಲೆಯೊಂದಕ್ಕೆ ಮಂಟೊ ಇಟ್ಟ ಹೆಸರು ಇಂಗ್ಲಿಷಿನ ‘ಸಾರಿ’. ಸಣ್ಣಪುಟ್ಟ ತಪ್ಪಿಗೆ ಹೇಳಿಬಿಡುವಂಥ ಆ ತಣ್ಣನೆಯ ಮಾತು ಕೊಲೆಗಾರನ ಮನಸ್ಸಿನ ಮೇಲೆ ಲೇಖಕರು ಕೊಡಬಹುದಾದ ಯಾವ ತೀರ್ಪಿಗಿಂತಲೂ ಭೀಕರ. ಹನಿಗತೆಯಲ್ಲಿ ಶೀರ್ಷಿಕೆ ಕತೆಯ ಮೊದಲ ವಾಕ್ಯವೇ ಆಗಿರುವುದರಿಂದ ಕತೆಯೊಳಗಿನ ಮಾತನ್ನೇ ಶೀರ್ಷಿಕೆಯಲ್ಲಿ ಮರಳಿ ಬರೆಯುವುದು ದಂಡ. ಊರು, ಇಸವಿ, ಸಂಬಂಧ ಇಂಥ ಹೊರೆಗಳನ್ನು ಅದರ ಮೇಲೆ ಹೊರಿಸಿದರೆ ಕತೆಯ ಒಳಗೆ ಜಾಗ ಉಳಿಯುತ್ತದೆ.

ತಿದ್ದುವುದು, ಜೋಡಿಸುವುದು

ಮೊದಲ ಕರಡು ಉದ್ದವಾಗಿಯೇ ಇರಲಿ. ಕತ್ತರಿ ಆಡಿಸಬೇಕಾದ ಜಾಗಗಳು ಸಾಮಾನ್ಯವಾಗಿ ಎರಡು: ಕತೆಗೆ ಪೀಠಿಕೆ ಹಾಕುವ ಮೊದಲ ಪ್ಯಾರಾ, ಆದದ್ದನ್ನು ವಿವರಿಸುವ ಕೊನೆಯ ಸಾಲು. ಇವೆರಡನ್ನು ತೆಗೆದ ಮೇಲೂ ಕತೆ ನಿಂತರೆ ಅವು ಬೇಕಾಗಿರಲಿಲ್ಲ. ಬಳಿಕ ವಿಶೇಷಣಗಳು, ಆಮೇಲೆ ಹೆಸರುಗಳು. ಕರ್ನಾಟಕದಲ್ಲಿ ಒಂದು ಹೆಸರು ಸೀಮೆಯನ್ನೂ ಸಮುದಾಯವನ್ನೂ ತಲೆಮಾರನ್ನೂ ಹೇಳಿಬಿಡುತ್ತದೆ. ಅದು ಕತೆಗೆ ಬೇಕಿದ್ದರೆ ಹೆಸರಿಡಬೇಕು, ಇಲ್ಲವಾದರೆ ‘ಆಕೆ’ ಸಾಕು. ಜಪಾನಿನ ಯಸುನಾರಿ ಕವಾಬಾತ, 1968ರ ನೊಬೆಲ್ ಪುರಸ್ಕೃತರು, ‘ಅಂಗೈ ಕತೆ’ಗಳೆಂದು ಕರೆದ ಪುಟ್ಟ ಕತೆಗಳನ್ನು 1920ರ ದಶಕದಿಂದ ಬದುಕಿನ ಕೊನೆಯ ತನಕ ಬರೆದರು. 1972ರಲ್ಲಿ ತೀರಿಕೊಳ್ಳುವ ಮೊದಲು ‘ಹಿಮದ ನಾಡು’ ಎಂಬ ತಮ್ಮದೇ ಪ್ರಸಿದ್ಧ ಕಾದಂಬರಿಯನ್ನು ಕೆಲವೇ ಪುಟಗಳ ಅಂಗೈ ಕತೆಯಾಗಿ ಇಳಿಸಿದ್ದರು. ಸಾರಾಂಶ ಬರೆಯುವುದಕ್ಕೂ ಇದಕ್ಕೂ ಅಂತರವಿದೆ. ಸಾರಾಂಶ ಎಲ್ಲವನ್ನೂ ತೆಳುವಾಗಿ ಹೇಳುತ್ತದೆ. ಹನಿಗತೆ ಬಹಳಷ್ಟನ್ನು ಬಿಟ್ಟು, ಉಳಿಸಿಕೊಂಡದ್ದನ್ನು ಪೂರ್ತಿ ಹೇಳುತ್ತದೆ. ತಮ್ಮ ಹಳೆಯ ಸಣ್ಣಕತೆಯೊಂದನ್ನು ಹೀಗೆ ಒಂದು ಪುಟಕ್ಕೆ ತರುವ ಪ್ರಯತ್ನ ಯಾರಿಗಾದರೂ ಲಾಭದ್ದೇ.

ಪ್ರಯೋಗಕ್ಕೆ ಕೈಹಾಕಿದವರು ಜಾರುವ ಕಡೆ ಎಂದರೆ ಅಸ್ಪಷ್ಟತೆ. ಏನೂ ತಿಳಿಯದಿದ್ದರೆ ಆಳವಾಗಿದೆ ಎಂದು ಓದುಗರು ಭಾವಿಸುತ್ತಾರೆ ಎಂಬುದು ಭ್ರಮೆ. ಕತೆಯ ಆಟದ ನಿಯಮ ಮೊದಲ ಎರಡು ಮೂರು ಸಾಲಿನಲ್ಲೇ ಗೊತ್ತಾಗಬೇಕು: ಇದು ಪಟ್ಟಿ, ಇದು ಪ್ರಶ್ನೋತ್ತರ, ಇಲ್ಲಿ ಮಾತಾಡುತ್ತಿರುವುದು ಮನೆ. ಕರಡನ್ನು ನಾಲ್ಕು ಜನರಿಗೆ ಕೊಟ್ಟು ಏನಾಯಿತೆಂದು ಹೇಳಿಸುವುದು ಒಂದು ಪರೀಕ್ಷೆ. ನಾಲ್ವರೂ ಒಂದೇ ಮಾತು ಹೇಳಿದರೆ ಕತೆ ಬಿಗಿದು ಮುಚ್ಚಿದೆ, ನಾಲ್ವರ ಮಾತಿಗೂ ಒಂದಕ್ಕೊಂದು ಸಂಬಂಧವೇ ಇಲ್ಲದಿದ್ದರೆ ಹದ ತಪ್ಪಿದೆ. ಗಟ್ಟಿಯಾಗಿ ಓದಿ ನೋಡುವುದು ಇನ್ನೊಂದು. ಕಣ್ಣು ಕ್ಷಮಿಸಿದ ಪುನರುಕ್ತಿಯನ್ನು ಕಿವಿ ಕ್ಷಮಿಸುವುದಿಲ್ಲ.

ಓದಿನ ವಿಷಯದಲ್ಲಿ ಕನ್ನಡಿಗರು ಬಡವರಲ್ಲ. ಎಸ್. ದಿವಾಕರ್ ಹಲವು ದೇಶಗಳ ಅತಿ ಸಣ್ಣ ಕತೆಗಳನ್ನು ಕನ್ನಡಕ್ಕೆ ತಂದಿದ್ದಾರೆ. ಭಾಗಲ್ಪುರದಲ್ಲಿ ವೈದ್ಯರಾಗಿದ್ದ ಬಂಗಾಳಿಯ ಬನಫೂಲ್ ಅವರ ಅರ್ಧ ಪುಟದ ಕತೆಗಳು ಅನುವಾದದಲ್ಲಿ ಸಿಗುತ್ತವೆ. ಕೆಲವು ಕತೆಗಳನ್ನು ಒಂದೆರಡು ವಾಕ್ಯಗಳಲ್ಲೇ ಮುಗಿಸುವ ಅಮೆರಿಕದ ಲಿಡಿಯಾ ಡೇವಿಸ್ ಅವರಿಗೆ 2013ರಲ್ಲಿ ಮ್ಯಾನ್ ಬೂಕರ್ ಅಂತರರಾಷ್ಟ್ರೀಯ ಪ್ರಶಸ್ತಿ ಬಂದ ವರ್ಷ ಅಂತಿಮ ಪಟ್ಟಿಯಲ್ಲಿ ಯು.ಆರ್. ಅನಂತಮೂರ್ತಿ ಅವರೂ ಇದ್ದರು.

ಹನಿಗತೆಗಳು ಒಂಟಿಯಾಗಿ ಪ್ರಕಟವಾದರೂ ಪುಸ್ತಕವಾಗುವಾಗ ಗುಂಪಾಗಿ ಬಾಳಬೇಕಾಗುತ್ತದೆ. ಮಂಟೊ ಅವರ 32 ತುಣುಕುಗಳನ್ನು ಒಂದೇ ಓದಿಗೆ ಓದಿದಾಗ ಬಿಡಿಯಾಗಿ ಕಾಣದ ಗಲಭೆಯ ನಗರವೊಂದು ಮೂಡುತ್ತದೆ. ಆಸ್ಟ್ರಿಯಾದ ಥಾಮಸ್ ಬರ್ನ್‌ಹಾರ್ಡ್ 1978ರ ಪುಸ್ತಕವೊಂದರಲ್ಲಿ ಜೋಡಿಸಿದ 104 ಕತೆಗಳಲ್ಲಿ ಒಂದೇ ಒಣ ದನಿ ಕೊನೆಯ ತನಕ ಕೇಳುತ್ತದೆ. ಜೋಡಿಸುವಾಗ ಪುಟಕ್ಕೊಂದು ಕತೆ ಇರುವುದು ಒಳ್ಳೆಯದು. ಸುತ್ತಲಿನ ಬಿಳಿ ಜಾಗ ಓದುಗರನ್ನು ಒಂದು ಗಳಿಗೆ ನಿಲ್ಲಿಸುತ್ತದೆ. ಒಂದೇ ರೂಪದ ಎರಡು ಕತೆಗಳನ್ನು ಬೆನ್ನುಬೆನ್ನಿಗೆ ಇಡಬಾರದು. ಎರಡನೆಯ ಮುಯ್ಯಿ ಪಟ್ಟಿ ಬರುವ ಹೊತ್ತಿಗೆ ಓದುಗರು ಹೆಸರುಗಳನ್ನು ಬಿಟ್ಟು ನೇರವಾಗಿ ಒಟ್ಟು ಮೊತ್ತಕ್ಕೆ ಕಣ್ಣು ಹಾಯಿಸುತ್ತಾರೆ.